ನಿಂತಕ್ಕನ ಮಡಿಲು

ನಿಂತಕ್ಕನ ಮಡಿಲು ಖಾಲಿ ಮಾಡುತ್ತಾರಂತೆ ಎಂಬ ಸುದ್ದಿ ಬಂದ ದಿನ ಊರಿಗೆ ಊರೇ ಚಿಂತೆಗೆ ಬಿತ್ತು. ನನಗೆ ಮೊದಲು ಹತ್ತಿದ ಚಿಂತೆ ಕೆಂಚವ್ವನ ಬದನೆಕಾಯಿಯದು. ಡೈರಿ ತೆಗೆದು ಅದನ್ನೇ ಬರೆದೆ: 'ಬದನೆಕಾಯಿ ಬಗ್ಗೆ ನಾನು ಅಂದದ್ದು ಕೆಂಚವ್ವನಿಗೆ ಗೊತ್ತಾದರೆ ಇನ್ನು ಮೇಲೆ ಸೊಪ್ಪು ಎಲ್ಲಿ ಕೊಳ್ಳುವುದು?' ಬರೆದು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ. ಆಮೇಲೆ ಪುರಸಭೆ ಅಧ್ಯಕ್ಷರಿಗೆ ಅಂದದ್ದು ನೆನಪಾಯಿತು. ನಮ್ಮವ್ವನಿಗೇ ಅಂದದ್ದು ನೆನಪಾಯಿತು. ಕೊನೆಗೆ, ಯಾವುದು ನೆನಪಾಗಬಾರದು ಎಂದು ಅಷ್ಟು ಹೊತ್ತೂ ಬೇರೆಯವರನ್ನೆಲ್ಲ ನೆನೆಸಿಕೊಳ್ಳುತ್ತಿದ್ದೆನೋ ಅದೂ ನೆನಪಾಯಿತು. ಡೈರಿ ಮುಚ್ಚಿ, ತಲೆತುಂಬ ಮುಸುಕು ಹಾಕಿ ಮಲಗಿಬಿಟ್ಟೆ.

ನಮ್ಮೂರಲ್ಲಿ ಬಯಲಲ್ಲಿ ಆಡಿದ ಮಾತು ಎದುರಿಗಿದ್ದವರ ಕಿವಿಗೆ ನೆಟ್ಟಗೆ ಹೋಗುವುದಿಲ್ಲ. ಮೊದಲು ಮೇಲೆ ಹೋಗಿ ನಿಂತಕ್ಕನನ್ನು ಮುಟ್ಟಬೇಕು, ಅವಳ ಕೈಯಿಂದ ಇಳಿದು ಬರಬೇಕು. ಒಂದು ಗುಟುಕು ನೀರು ನುಂಗುವಷ್ಟು ಹೊತ್ತು ಹಿಡಿಯುತ್ತದೆ. ಯಾರ ಮುಖ ನೋಡಿ ಆಡಿದೆವೋ ಅವರ ಕಿವಿಗೇ ಬೀಳುತ್ತದೆ, ಪಕ್ಕದಲ್ಲಿದ್ದವರಿಗೆ ಕೇಳಿಸುವುದಿಲ್ಲ. ಯಾರ ಮುಖವನ್ನೂ ನೋಡದೆ ಆಡಿದ್ದು ಎಲ್ಲರಿಗೂ ಬೀಳುತ್ತದೆ, ಆಡಿದವರ ಕಿವಿಗೂ. ಅವಳು ಹೆಸರಿಗೆ ತಕ್ಕಂತೆ ನಿಂತವಳು. ಚಂದ್ರ ಅಲೆಯುತ್ತಾನೆ, ಚುಕ್ಕಿಗಳು ಜಾರುತ್ತವೆ, ಇವಳು ಮಾತ್ರ ಊರಿನ ನೆತ್ತಿಯ ಮೇಲೆ ಎರಡೂ ರೆಕ್ಕೆ ಚಾಚಿಕೊಂಡು ಮೊಳೆ ಹೊಡೆದಂತೆ. ಭೂಮಿಯ ಜೊತೆಜೊತೆಗೇ ಅವಳೂ ಸುತ್ತುತ್ತಾಳೆ, ಆದ್ದರಿಂದ ನಿಂತ ಹಾಗೆ ಕಾಣುತ್ತಾಳೆ ಎಂದು ನಾನು ಬಿ.ಎಸ್ಸಿ.ಯ ಉಪಗ್ರಹದ ಪಾಠದಲ್ಲಿ ಓದಿದ್ದೇನೆ. ಊರವರಿಗೆ ಅದೆಲ್ಲ ಬೇಕಾಗಿಲ್ಲ. "ಪಾಪ, ಬಂದಾಗಿಂದ ಒಂದು ದಿನಾನೂ ಕುಂತಿಲ್ಲ" ಎಂದು ಮರುಗುತ್ತಾರೆ. ಅವಳ ಕೆಳಗೆ ಗಡಿಬಿಡಿಯಲ್ಲಿ ಭೂಮಿ ಸುತ್ತುವ ಚಿಕ್ಕಚಿಕ್ಕವರು ತಮ್ಮ ಸುದ್ದಿಯ ಗಂಟನ್ನು ಅವಳ ಕೈಗೆ ಎಸೆದು ಓಡಿಹೋಗುತ್ತಾರೆ. ಅದನ್ನೂ ಅವಳೇ ಹಂಚುತ್ತಾಳೆ, ಸಂತೆಯಲ್ಲಿ ಕೆಂಚವ್ವ ಕೂಗುವ ಸೊಪ್ಪಿನ ಹೆಸರುಗಳನ್ನೂ ಅವಳೇ ಹಂಚುತ್ತಾಳೆ.

ಸೂರಿನ ಕೆಳಗೆ ಮಾತ್ರ ಮಾತು ಬಾಯಿಂದ ಕಿವಿಗೆ ನೆಟ್ಟಗೆ. ಕೊಡೆಯ ಕೆಳಗೂ ಹಾಗೇ. ಆದ್ದರಿಂದಲೇ ಸುಡುಬಿಸಿಲಲ್ಲಿ ಒಂದು ಗಂಡು ಒಂದು ಹೆಣ್ಣು ಒಂದೇ ಕೊಡೆಯಲ್ಲಿ ಹೋಗುವುದು ಕಂಡರೆ ಎರಡೂ ಮನೆಯವರು ಜಾತಕ ಹುಡುಕತೊಡಗುತ್ತಾರೆ.

ಬಯಲಲ್ಲಿ ಬಾಯಿ ಜಾರಿದರೆ ಒಂದು ಉಪಾಯ ಉಂಟು. ಮಾತು ಇಳಿಯುವ ಮೊದಲೇ ಆಕಾಶಕ್ಕೆ ಅಂಗೈ ತೋರಿಸಿಬಿಡಬೇಕು. ನಿಂತಕ್ಕ ಅದನ್ನು ಕೆಳಗೆ ಬಿಡದೆ ತನ್ನ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಊರು ಇಷ್ಟು ವರ್ಷ ಹೊಡೆದಾಡದೆ ಬಾಳಿದ್ದು ಹಾಗೆ. "ಏನೋ, ಈಗ ಅಂಗೈ ತೋರಿಸಿದಂಗಿತ್ತಲ್ಲ?" ಎಂದು ಯಾರಾದರೂ ಕೇಳಿದರೆ "ಇಲ್ಲಪ್ಪ, ಮಳೆ ಬಂತೇನೋ ಅಂತ ನೋಡಿದೆ" ಎನ್ನುವುದು ವಾಡಿಕೆ. ನಡುಬೇಸಿಗೆಯ ಮಧ್ಯಾಹ್ನ ನಮ್ಮ ಸಂತೆಗೆ ಬಂದು ನೋಡಬೇಕು. ಕೊಳ್ಳುವವರು, ಮಾರುವವರು ಎಲ್ಲರೂ ಕೈ ಚಾಚಿ ಮಳೆ ನೋಡುತ್ತಿರುತ್ತಾರೆ.

ನಾನು ದಾಕ್ಷಾಯಣಿ. ಡಿಗ್ರಿ ಮುಗಿಸಿ ಮನೆಯಲ್ಲಿದ್ದೇನೆ. ಸೂರಿನ ಕೆಳಗೆ ನನ್ನ ದನಿ ಹಲ್ಲಿ ಲೊಚಗುಟ್ಟಿದಷ್ಟು. "ಹ್ಞೂಂ", "ಬೇಡ", "ಸಾಕು" ಇಷ್ಟರಲ್ಲೇ ದಿನ ದೂಡಿಬಿಡುತ್ತೇನೆ. ಮನೆಗೆ ನೆಂಟರು ಬಂದರೆ ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಳ್ಳುತ್ತೇನೆ. ಆದರೆ ಬಯಲಿಗೆ ಬಿದ್ದೆನೆಂದರೆ ನನ್ನಷ್ಟು ಮಾತಾಡುವವರು ಊರಲ್ಲಿ ಇನ್ನೊಬ್ಬರಿಲ್ಲ. ಎದುರಾದವರಿಗೆಲ್ಲ ಮನಸ್ಸಿಗೆ ಬಂದದ್ದನ್ನು ಗಂಟಲು ಬಿಚ್ಚಿ ಅಂದು ತಕ್ಷಣ ಅಂಗೈ ತೋರಿಸಿಬಿಡುತ್ತೇನೆ. ಒಂದೇ ಒಂದು ಮಾತು ಕೆಳಗೆ ಬಿದ್ದಿಲ್ಲ. ತುಟಿ ಅಲ್ಲಾಡುವುದು, ಕೈ ಮೇಲಕ್ಕೆ ಹೋಗುವುದು, ಇಷ್ಟೇ ಕಂಡ ಊರವರು ನಾನು ಜಪ ಮಾಡುತ್ತೇನೆಂದು ತಿಳಿದಿದ್ದಾರೆ. "ನೋಡ್ರಿ, ಆ ಹುಡುಗಿಗೆ ಎಂಥಾ ದೈವಭಕ್ತಿ! ದಾರೀಲಿ ನಡೆಯುವಾಗಲೂ ಬಿಡಂಗಿಲ್ಲ" ಎಂದು ಅಧ್ಯಕ್ಷ ಸಿದ್ಲಿಂಗಪ್ಪನವರು ಒಮ್ಮೆ ಎಲ್ಲರೆದುರು ನನ್ನನ್ನು ಹೊಗಳಿದರು. ಅದಕ್ಕೆ ಸ್ವಲ್ಪ ಮೊದಲಷ್ಟೇ ನಾನು ಅವರ ಮುಖ ನೋಡಿ "ಅಧ್ಯಕ್ಷರೇ, ಊರಿನ ಚರಂಡಿ ಆಮೇಲೆ ನೋಡೋಣ, ಮೊದಲು ನಿಮ್ಮ ಭಾಷಣ ಹರಿದು ಹೋಗೋಕೆ ಒಂದು ತೋಡಿಸ್ರಿ" ಎಂದು ಮೇಲೆ ಕಳಿಸಿದ್ದೆ.

ಇನ್ನು ಕೊಡೆ ರಿಪೇರಿಯ ಕೊಟ್ರೇಶಿ. ಸಂತೆಯ ಮೂಲೆಯಲ್ಲಿ ಒಂದು ದೊಡ್ಡ ಕರೀ ಕೊಡೆ ನೆಟ್ಟುಕೊಂಡು ಅದರ ಕೆಳಗೆ ಕೂರುತ್ತಾನೆ. ಮಾತೆಲ್ಲ ಕೊಡೆಯಲ್ಲೇ ನಡೆಯುವ ಊರಿನಲ್ಲಿ ಅವನಿಗೆ ಮಳೆಗಾಲ ಬೇಸಿಗೆ ಎಂದಿಲ್ಲ. ಬಂದವರ ಕಡೆಗೆ ಕೊಡೆ ಓರೆ ಮಾಡಿ ಒಳಗೆ ಕರೆದುಕೊಂಡು ಮಾತಾಡಿಸುತ್ತಾನೆ. ನಮ್ಮ ಮನೆಯ ಕೊಡೆಯ ಕಡ್ಡಿಗಳು ಪದೇ ಪದೇ ಮುರಿಯುತ್ತವೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒತ್ತಿ ಹಿಡಿದರೆ ಸುಲಭವಾಗಿ ಮುರಿಯುತ್ತವೆ. "ಮತ್ತೆ ಕಡ್ಡಿ ಹೋಯ್ತೇನ್ರಿ?" ಎನ್ನುತ್ತಾನೆ. ನಾನು "ಹ್ಞೂಂ" ಎನ್ನುತ್ತೇನೆ. ಕೊಡೆಯ ಕೆಳಗೆ ಅಂಗೈ ತೋರಿಸಲು ಆಕಾಶವಿಲ್ಲವಲ್ಲ, ಆಡಿದರೆ ಆಡಿದ್ದೇ. ಅವನು ಕಡ್ಡಿ ಹಾಕುತ್ತ ಏನಾದರೂ ಒಂದು ಹೇಳಿ ತಾನೇ ನಗುತ್ತಾನೆ. ನಾನು ಕೊಡೆ ತೆಗೆದುಕೊಂಡು ಹೊರಗೆ ಬಂದು, ಬಿಸಿಲಲ್ಲಿ ಒಂದಿಷ್ಟು ದೂರ ಹೋಗಿ, ತಿರುಗಿ ನಿಂತು, ಅವನ ಮುಖ ನೋಡಿ ಒಮ್ಮೆ ಅಂದಿದ್ದೆ: "ನೀವು ನಗುವಾಗ ಒಂದು ಕಿವಿ ಅಲ್ಲಾಡುತ್ತೆ ಗೊತ್ತೇನ್ರಿ? ಅದನ್ನ ನೋಡೋಕೇ ನಾನು ಈ ದಾರಿ ಹಿಡಿಯೋದು." ಅಂದು ಅಂಗೈ ತೋರಿಸಿ, ಹಿಂದೆ ತಿರುಗಿ ನೋಡದೆ ಮನೆಗೆ ಬಂದಿದ್ದೆ.

ನಿಂತಕ್ಕನಿಗೆ ವಯಸ್ಸಾಗಿದ್ದು ನಮಗೆಲ್ಲ ಗೊತ್ತಾದದ್ದು ಗಿರಣಿ ಬಸಣ್ಣನಿಂದ. ನಿಂತಲ್ಲೇ ನಿಲ್ಲುವುದಕ್ಕೂ ಅವಳು ಆಗಾಗ ಒಂದಿಷ್ಟು ಇಂಧನ ಊದಬೇಕು. ಅದು ತೀರುತ್ತ ಬಂದು ಅವಳು ವಾಲತೊಡಗಿದಳು, ಮಾತು ಒಂದೊಂದು ಮನೆ ಆಚೆ ಬೀಳತೊಡಗಿತು. ಅಧ್ಯಕ್ಷರು ತಮ್ಮ ಜಗಲಿಯ ಮುಂದೆ ನಿಂತು ಹೆಂಡತಿಗೆ "ಬಾರೇ ನನ್ನ ಬಂಗಾರಿ" ಎಂದದ್ದು ಪಕ್ಕದ ಗಿರಣಿಯ ಬಸಣ್ಣನ ಕಿವಿಗೆ ಬಿತ್ತು. ಬಸಣ್ಣ ನಾಚಿ ಎಷ್ಟೋ ದಿನ ಗಿರಣಿ ಬಾಗಿಲು ತೆಗೆಯಲಿಲ್ಲ, ಊರಿಗೆ ಹಿಟ್ಟಿಲ್ಲದೆ ರೊಟ್ಟಿ ತಪ್ಪಿತು. ಕೊನೆಗೆ ಉಪಗ್ರಹ ಕೇಂದ್ರದವರು ಜೀಪಿನಲ್ಲಿ ಬಂದು ಪುರಸಭೆಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದರು: ನಿಂತಕ್ಕನನ್ನು ಇನ್ನೂ ಮೇಲಿನ ಹಾದಿಗೆ ಕಳಿಸುತ್ತೇವೆ, ಅಲ್ಲಿ ವಯಸ್ಸಾದವರೆಲ್ಲ ಯಾರ ಕೆಲಸವೂ ಇಲ್ಲದೆ ಸುತ್ತಿಕೊಂಡಿರುತ್ತಾರೆ. ಅವಳ ಜಾಗಕ್ಕೆ ಹೊಸಾಕೆ ಬರುತ್ತಾಳೆ. ಆದರೆ ಮೇಲೆ ಹೋಗುವ ಮೊದಲು ಮಡಿಲು ಖಾಲಿ ಮಾಡಲೇಬೇಕು, ಅಷ್ಟು ಭಾರ ಹೊತ್ತು ಅವಳು ಏರಲಾರಳು. ಮಡಿಲಲ್ಲಿರುವುದೆಲ್ಲ ಯಾರ್‍ಯಾರಿಗೆ ಆಡಿದ್ದೋ ಅವರವರಿಗೆ ಇಳಿಯುತ್ತದೆ.

"ಹೊಸಾಕೆಗೂ ಮಡಿಲು ಐತಲ್ಲ?" ಎಂದು ಕೆಂಚವ್ವ ಹಿಂದಿನಿಂದ ಕೇಳಿದಳು.

"ಇಲ್ಲಮ್ಮ. ಹೊಸ ಮಾದರಿ. ಬಂದದ್ದು ಬಂದ ಹಾಗೇ ಕಳಿಸ್ತಾಳೆ."

ಅಧ್ಯಕ್ಷರು ಸೂರಿನ ಕೆಳಗೆ ಕೂತಿದ್ದರೂ ಅಭ್ಯಾಸಬಲದಿಂದ ಅಂಗೈ ಮೇಲೆ ಮಾಡಿಕೊಂಡಿದ್ದರು.

ಮಾರನೆಯ ದಿನದಿಂದ ಊರಲ್ಲಿ ಬೆಲ್ಲ ಹಂಚುವುದು ಶುರುವಾಯಿತು. ಯಾರ ಮೇಲೆ ಮಾತು ಕಳಿಸಿ ಅಂಗೈ ತೋರಿಸಿದ್ದೀಯೋ ಅವರ ಮನೆಗೆ ಮೊದಲೇ ಹೋಗಿ ಒಂದು ಚೂರು ಬೆಲ್ಲ ಕೊಟ್ಟು ಬಂದುಬಿಟ್ಟರೆ, ಆಮೇಲೆ ಏನು ಬಿದ್ದರೂ ಅವರು ಸಿಟ್ಟಾಗಬಾರದು ಎಂದು ಹಿರಿಯರು ಒಂದು ಕಟ್ಟಳೆ ಮಾಡಿದರು. "ಏನ್ ಅಂದಿದ್ದೀಯೋ?" ಎಂದು ಕೇಳುವಂತಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು ಸುಮ್ಮನಿರಬೇಕು. ಅಧ್ಯಕ್ಷರ ಮನೆಗೆ ಬೆಳಗಿನಿಂದ ಸಂಜೆಯವರೆಗೆ ಜನವೋ ಜನ. ಮೊದಲ ದಿನ ಅವರು ಹಿಗ್ಗಿಹೋಗಿ "ಊರಿಗೆ ನನ್ನ ಮ್ಯಾಲೆ ಎಷ್ಟು ಪ್ರೀತಿ ನೋಡೇ" ಎಂದರಂತೆ. ಹೆಂಡತಿ ಬುಟ್ಟಿ ತುಂಬಿದ ಬೆಲ್ಲವನ್ನು ನೋಡುತ್ತ, "ಪ್ರೀತಿ ಅಲ್ಲರೀ, ಇದು ಲೆಕ್ಕ" ಎಂದು ಹೂರಣ ರುಬ್ಬಲು ಕೂತರಂತೆ. ಆಕೆಯೂ ಸೆರಗಿನಿಂದ ಒಂದು ಚೂರು ತೆಗೆದು ಮೆಲ್ಲಗೆ ಬುಟ್ಟಿಗೆ ಸೇರಿಸಿದರೆಂದು ಆ ಮನೆಯ ಕೆಲಸದಾಕೆ ಹೇಳಿದಳು.

ನಾನು ಯಾರಿಗೆ ಕೊಡಲಿ? ಕೊಡುವುದಾದರೆ ಗಾಡಿಯಲ್ಲಿ ಹೇರಿಸಿಕೊಂಡು ಮನೆಮನೆಗೂ ಹಾಕಬೇಕು. ಹಾಕಿದರೆ ಜಪದ ಹುಡುಗಿಯ ಬಣ್ಣ ಬಯಲು. ಯಾರಿಗೂ ಕೊಡಲಿಲ್ಲ. ನಮ್ಮ ಮನೆಯಲ್ಲಿ ಅವ್ವನಿಗೆ ಒಂದಿಷ್ಟು ಬಂತು, ನನಗೆಂದು ಯಾರೂ ಬರಲಿಲ್ಲ. ನನ್ನ ಬಗ್ಗೆ ಅನ್ನುವುದಕ್ಕಾದರೂ ಯಾರಿಗೆ ಏನು ಗೊತ್ತು? ಅದನ್ನೂ ಡೈರಿಯಲ್ಲಿ ಬರೆದು ಸ್ವಲ್ಪ ಅತ್ತೆ. ಸಂಜೆ ಬಾಗಿಲು ಬಡಿದ ಸದ್ದಾಯಿತು. ಕೊಟ್ರೇಶಿ ಹೊಸ್ತಿಲ ಹೊರಗೆ ನಿಂತಿದ್ದ. ಒಂದು ಅಚ್ಚು ಬೆಲ್ಲ, ಪೂರ್ತಿ ಅಚ್ಚು, ನನ್ನ ಕೈಗಿಟ್ಟು ತಿರುಗಿ ಹೋದ. ಅವ್ವ ಒಳಗಿನಿಂದ "ಯಾರೇ ದಾಕ್ಷಿ?" ಎಂದಳು. ನಾನು "ಬೆಲ್ಲ" ಎಂದೆ.

ಮಡಿಲು ಖಾಲಿಯಾಗುವ ದಿನ ಬೆಳಿಗ್ಗೆ ಹೆಚ್ಚಿನವರು ಮನೆ ಬಿಟ್ಟು ಹೊರಬರಲಿಲ್ಲ. ಬಂದವರೂ ಕೊಡೆ ಹಿಡಿದು, ಗೋಡೆಗೆ ಒತ್ತಿಕೊಂಡು ನಡೆದರು. ಆದರೆ ಇಳಿಯುವ ಮಾತಿಗೆ ಆತುರವಿಲ್ಲ, ನೀನು ಬಯಲಿಗೆ ಬರುವ ತನಕ ಕಾದಿದ್ದು ಬೀಳುತ್ತದೆ. ಕೊನೆಗೆ ಸೊಪ್ಪು ಬಾಡುತ್ತದೆಂದು ಕೆಂಚವ್ವ ಬುಟ್ಟಿ ಹೊತ್ತು ಸಂತೆಯ ನಡುವಿಗೆ ಬಂದಳು. ನಾನು ಕಿಟಕಿಯ ಹಿಂದೆ ನಿಂತು ನೋಡುತ್ತಿದ್ದೆ. ಅವಳು ತಟ್ಟನೆ ನಿಂತಳು. ಬುಟ್ಟಿ ಇಳಿಸಿದಳು. ಸೊಂಟಕ್ಕೆ ಕೈ ಕೊಟ್ಟು ಮೇಲೆ ನೋಡಿದಳು. ಆಮೇಲೆ ನಗತೊಡಗಿದಳು ನೋಡಿ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ, ಬುಟ್ಟಿಯ ಪಕ್ಕ ಕುಸಿದು ಕೂತು ನಕ್ಕಳು. ಕಣ್ಣೀರು ಒರೆಸಿಕೊಂಡು ಯಾರ ಮುಖವನ್ನೂ ನೋಡದೆ ಇಡೀ ಊರಿಗೆ ಕೂಗಿ ಹೇಳಿದಳಂತೆ: "ಯಾವಳೋ ಒಬ್ಬಾಕಿ ಕೇಳ್ಯಾಳೆ, 'ಕೆಂಚವ್ವಾ, ಈ ಬದನೆಕಾಯಿ ನಿನ್ನ ಮದುವೆಗೆ ತರಿಸಿದ್ದರಾಗೆ ಮಿಕ್ಕಿದ್ದೇನು' ಅಂತ! ಯಾವಳೇ ನೀನು? ಬಾರೇ ಮುಂದೆ, ನಿನಗೆ ಪುಕ್ಕಟೆ ಒಂದು ಕಟ್ಟು ಮೆಂತೆ ಕೊಡ್ತೀನಿ!"

ಅವಳ ನಗು ಕಂಡು ಧೈರ್ಯ ಬಂದು ಒಬ್ಬೊಬ್ಬರೇ ಹೊರಗೆ ಬಂದರು. ಬೇಕಾದಷ್ಟು ಬೈಗುಳ ಇಳಿಯಿತು, ಬೆಲ್ಲ ತಿಂದ ಬಾಯಿಗಳು ಸುಮ್ಮನಿದ್ದವು. ಆದರೆ ಎಲ್ಲರೂ ಮಾತಾಡಿಕೊಂಡದ್ದು ಆ ಒಂದು ದನಿಯ ಬಗ್ಗೆ. ಬಯಲಲ್ಲಿ ನನ್ನ ದನಿ ಯಾರ ಕಿವಿಗೂ ಬಿದ್ದಿರಲಿಲ್ಲವಲ್ಲ! ಯಾರದೆಂದು ಒಬ್ಬರಿಗೂ ತಿಳಿಯಲಿಲ್ಲ. "ಗಂಟೆ ಬಾರಿಸಿದಂಗೈತೆ ಕಣ್ರೀ." "ಹೆದರಿಕೆ ಅನ್ನೋದೇ ಇಲ್ಲ ಆಕಿಗೆ." "ನನಗೇನಂದ್ಲು ಗೊತ್ತಾ?" ಅಧ್ಯಕ್ಷರು ಚರಂಡಿಯ ಮಾತನ್ನು ಮೊದಲು ಮುಚ್ಚಿಟ್ಟರು, ಆಮೇಲೆ ಬೇರೆಯವರು ತಮತಮಗೆ ಬಿದ್ದದ್ದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ಕಂಡು ತಾವೂ ಹೇಳಿ ನಕ್ಕರು. ಎರಡು ದಿನದಲ್ಲಿ ಹೇಗಾಯಿತೆಂದರೆ, ಆ ದನಿಯಿಂದ ಏನೂ ಬೀಳದವರು ಮುಖ ಮುಚ್ಚಿಕೊಂಡು ಓಡಾಡುವಂತಾಯಿತು. ಆಕೆಯ ಬಾಯಿಗೂ ಬರದಷ್ಟು ಕಡೆಯಾದೆವೇ ನಾವು ಎಂದು ಅವರಿಗೆ ಬೇಸರ.

ನಾನೂ ಹಿತ್ತಲಿಗೆ ಹೋಗಿ ಆಕಾಶದ ಕೆಳಗೆ ನಿಂತೆ. ಒಂದೇ ಒಂದು ಮಾತು ಬಿತ್ತು. ಕೊಟ್ರೇಶಿಯ ದನಿ, ನಗು ತಡೆದುಕೊಂಡ ದನಿ: "ಕಡ್ಡಿ ನೀವೇ ಮುರೀತೀರಿ ಅಂತ ನಂಗೊತ್ತೈತೆ. ಮುರೀತಾ ಇರ್ರಿ." ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಒಳಗೆ ಬಂದಾಗ ಅವ್ವ ತಟ್ಟೆ ಇಟ್ಟು ಉಪ್ಪಿಟ್ಟು ಬಡಿಸಿದಳು. ಎಂದಿನಂತಿರಲಿಲ್ಲ, ಮೆತ್ತಗೆ, ಹೂವಿನಂತಿತ್ತು. "ತಿನ್ನು" ಎಂದಳು. "ಇವತ್ತಿಂದು ಗೋಡೆಗೆ ಮೆತ್ತಾಕೆ ಬರಂಗಿಲ್ಲ." ನನ್ನ ಕೈ ಅಲ್ಲೇ ನಿಂತಿತು. ಅವ್ವನ ಉಪ್ಪಿಟ್ಟನ್ನು ಗೋಡೆಗೆ ಮೆತ್ತಿದರೆ ಮೊಮ್ಮಕ್ಕಳ ಕಾಲಕ್ಕೂ ಬೀಳುವುದಿಲ್ಲ ಎಂದು ನಾನು ಅಂಗಳದಲ್ಲಿ ಎಂದೋ ಅಂದಿದ್ದೆ. ತಲೆಯೆತ್ತಿ ನೋಡಿದೆ. ಅವ್ವ ಬಾಣಲೆ ತಿಕ್ಕುತ್ತಿದ್ದಳು, ಬೆನ್ನು ಮಾತ್ರ ನಗುತ್ತಿರುವಂತೆ ಕಂಡಿತು.

ಊರಿನ ಸಭೆಗಳಲ್ಲಿ ಮೈಕು ಹಿಡಿಯುವವಳು ನಮ್ಮ ಪಕ್ಕದ ಬೀದಿಯ ಮಂದಾಕಿನಿ. ನನ್ನ ಜೊತೆಗೇ ಓದಿದವಳು. ಅವಳಿಗೆ ಆ ದನಿಯಿಂದ ಏನೂ ಬಿದ್ದಿರಲಿಲ್ಲ. ಕಾರಣ ಇಷ್ಟೇ: ಅವಳು ಮಾತಾಡುವಾಗ ನಡುವೆ ಒಂದು ಮಾತು ತೂರಿಸಲು ನನಗೆ ಯಾವತ್ತೂ ಸಂದು ಸಿಕ್ಕಿರಲಿಲ್ಲ. ಆದರೆ ಅವಳ ಮನೆಯ ಜಗಲಿಯಲ್ಲಿ ಕೂತು ಹೆಂಗಸರು "ನಿನಗೇನಂದ್ಲೇ ಆಕಿ?" ಎಂದು ಒತ್ತಾಯ ಮಾಡಿದಾಗ ಮಂದಾಕಿನಿ ಪೇಚಿಗೆ ಸಿಕ್ಕಳು. ಏನೂ ಅನ್ನಲಿಲ್ಲ ಎಂದರೆ ಮರ್ಯಾದೆ ಪ್ರಶ್ನೆ. ಜಡೆ ಮುಂದಕ್ಕೆ ಹಾಕಿಕೊಂಡು, "ತನಗೆ ತಾನೇ ಯಾರಾದ್ರೂ ಅಂದ್ಕಳ್ತಾರೇನ್ರಿ?" ಎಂದಳು. ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ಹೋ ಎಂದು ಎದ್ದು ಅವಳನ್ನು ತಬ್ಬಿಕೊಂಡರು. ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲರಿಗೂ ಅಂದವಳು ತನ್ನನ್ನೊಬ್ಬಳನ್ನೇ ಬಿಟ್ಟಿರಬೇಕಲ್ಲ! "ಮತ್ತೆ ದನಿ ಬ್ಯಾರೆ ಐತಲ್ಲ?" ಎಂದು ಕೆಂಚವ್ವ ಒಬ್ಬಳೇ ಕೇಳಿದಳು. "ಮೈಕಿನ ಮುಂದೆ ಇರೋಳು ನಾನು. ದನಿ ಬದಲಾಯಿಸೋದು ಎಷ್ಟರ ಮಾತು?" ಎಂದಳು ಮಂದಾಕಿನಿ. ಏನೂ ಬೀಳದವರಲ್ಲಿ ನಾನೂ ಒಬ್ಬಳಿದ್ದೆ. ಆದರೆ ಆ ಲೆಕ್ಕದಲ್ಲಿ ನನ್ನ ಹೆಸರು ಒಬ್ಬರಿಗೂ ಹೊಳೆಯಲಿಲ್ಲ.

ಅವಳಿಗೆ ಮೆಂತೆ ಕಟ್ಟು ಹೋಯಿತು. ಗಿರಣಿಯಲ್ಲಿ ಸರದಿ ಇಲ್ಲದೆ ಹಿಟ್ಟು ಬೀಸಿಕೊಟ್ಟರು. ಹೊಸಾಕೆ ಬಂದು ನಿಲ್ಲುವ ದಿನ ಅವಳಿಗೆ ಮೊದಲ ಮಾತು ಕಳಿಸುವ ಗೌರವ ಮಂದಾಕಿನಿಗೇ ಎಂದು ಅಧ್ಯಕ್ಷರು ಸಾರಿದರು. ನನಗೆ ನಿದ್ದೆ ಬರಲಿಲ್ಲ. ಸಿಕ್ಕಿಬೀಳುವ ಹೆದರಿಕೆಯಿಂದ ಕಳೆದ ರಾತ್ರಿಗಳಿಗಿಂತ, ಸಿಕ್ಕಿಬೀಳಲಿಲ್ಲವಲ್ಲ ಎಂಬ ಉರಿಯಲ್ಲಿ ಕಳೆದವೇ ಹೆಚ್ಚು. ನನ್ನ ಬದನೆಕಾಯಿ, ನನ್ನ ಚರಂಡಿ! ನಾನು ಅಷ್ಟು ಕಷ್ಟಪಟ್ಟು ಒಂದೊಂದೇ ಹೊಸೆದದ್ದನ್ನು ಅವಳು ಜಗಲಿಯಲ್ಲಿ ಕೂತು ಮತ್ತೆ ಮತ್ತೆ ಹೇಳಿ, ಅದೂ ನಗು ಬರುವ ಜಾಗ ತಪ್ಪಿಸಿ ಹೇಳಿ, ಚಪ್ಪಾಳೆ ಹೊಡೆಸಿಕೊಳ್ಳುತ್ತಿದ್ದಳು.

ನಿಂತಕ್ಕ ಹೊರಟುಹೋದಳು. ಹೊಸಾಕೆ ಬಂದು ತನ್ನ ಜಾಗದಲ್ಲಿ ನಿಲ್ಲುವ ತನಕ ಬಯಲಲ್ಲಿ ಮಾತೇ ಇರಲಿಲ್ಲ. ಬಾಯಿ ತೆರೆದರೆ ಹೋದದ್ದು ಬರುತ್ತಿರಲಿಲ್ಲ. ಕೆಂಚವ್ವ ಬೆರಳಲ್ಲೇ ಸೊಪ್ಪು ಮಾರಿದಳು. ಹೆಂಗಸರು ಹರಟೆಗೆ ಕೊಡೆ ಹಿಡಿದು ಗುಂಪು ಕೂಡಿದರು, ಸಂತೆಯಲ್ಲಿ ಎಲ್ಲಿ ನೋಡಿದರೂ ಅಣಬೆ ಎದ್ದಂತೆ. ಕೊಟ್ರೇಶಿಯ ಮುಂದೆ ಮುರಿದ ಕೊಡೆಗಳ ರಾಶಿ. ನಾನೂ ಒಂದು ಕಡ್ಡಿ ಮುರಿದುಕೊಂಡು ಹೋದೆ. ಅವನು ಮಾತು ಕಳಿಸಿದ್ದಾನೆ, ಬಿದ್ದದ್ದು ಅವನಿಗೂ ಗೊತ್ತಿದೆ, ನಾನು ಉತ್ತರ ಹೇಳಬೇಕು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ. ಅವನು ಕೊಡೆ ಓರೆ ಮಾಡಿದ. ನಾನು ಒಳಗೆ ಕೂತೆ. ನೆರಳು ಬಿದ್ದ ಕೂಡಲೇ ನಾಲಿಗೆ ಒಣಗಿತು.

ಅವನು ಇವತ್ತು "ಮತ್ತೆ ಕಡ್ಡಿ ಹೋಯ್ತೇನ್ರಿ" ಎನ್ನಲಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ನಿಮ್ಮನ್ನ ಒಂದು ಕೇಳ್ಬೇಕಿತ್ತು ನೋಡ್ರಿ. ನೀವು ಯಾರ ಸುದ್ದಿಗೂ ಹೋಗೋರಲ್ಲ, ಅದ್ಕೇ ನಿಮ್ಮನ್ನೇ ಕೇಳ್ತೀನಿ" ಎಂದ. "ಆ ದನಿ ನನಗೂ ಒಂದು ಮಾತು ಅಂದೈತೆ. ನಾನು ನಗುವಾಗ ಒಂದು ಕಿವಿ ಅಲ್ಲಾಡ್ತೈತಂತೆ. ಅದನ್ನ ನೋಡಾಕೇ ಈ ದಾರಿ ಹಿಡೀತಾಳಂತೆ." ಅವನ ಮುಖ ಕೆಂಪಾಗಿತ್ತು. "ಕನ್ನಡಿ ಮುಂದೆ ನಿಂತು ನಕ್ಕು ನಕ್ಕು ನೋಡಿದೆ. ಬೇಕಂತ ನಕ್ಕರೆ ಅಲ್ಲಾಡಂಗಿಲ್ಲ ಸುಡುಗಾಡಿಂದು. ನಿನ್ನೆ ಮಂದಾಕಿನಿಯವರನ್ನ ಕೇಳಿದೆ, ಅದು ಯಾವ ಕಿವಿ ಅಂತ. ಬಲಗಿವಿ ಅಂದ್ರು."

ನಾನು ನೆಲ ನೋಡಿದೆ. ಬಲಗಿವಿಯಂತೆ!

"ಇನ್ನೊಂದೇನಂದ್ರೆ," ದನಿ ತಗ್ಗಿಸಿದ, "ನಾನೂ ಒಬ್ಬರಿಗೆ ಒಂದು ಮಾತು ಅಂದಿದ್ದೆ. ಬೆಲ್ಲಾನೂ ಕೊಟ್ಟು ಬಂದಿದ್ದೆ. ಅವರಿಗೆ ಬಿದ್ದಿರಬೇಕು. ಉತ್ತರ ಬರಲಿಲ್ಲ. ಬರದ ಉತ್ತರಕ್ಕೆ ಕಾಯೋದೋ, ಬಂದ ಮಾತಿಗೆ ಉತ್ತರ ಹೇಳೋದೋ? ನಾಳೆ ಹೊಸಾಕೆಗೆ ಮೊದಲ ಮಾತು ಮುಗಿದ ಮ್ಯಾಲೆ ಮಂದಾಕಿನಿಯವರ ಮನೆಗೆ ನಮ್ಮ ಮಾವನ್ನ ಕಳಿಸೋಣ ಅಂತ ಮಾಡೀನಿ. ನೀವೇನಂತೀರಿ?"

ಹೇಳು, ಹೇಳು, ಎಂದು ನನ್ನನ್ನು ನಾನೇ ಜಿಗುಟಿಕೊಂಡೆ. ಕೊಡೆಯ ಕರೀ ಬಟ್ಟೆ ನೆತ್ತಿಯ ಮೇಲೆ ಬಿಗಿದು ಕೂತಿತ್ತು. "ಹ್ಞೂಂ" ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಕಡ್ಡಿ ಹಾಕಿ, ಗಟ್ಟಿಯಾಗಿ ಮೂರು ಹೊಲಿಗೆ ಹೆಚ್ಚು ಹಾಕಿ, "ಇನ್ನು ಮುರಿಯಂಗಿಲ್ಲ ಬಿಡ್ರಿ" ಎಂದು ಕೊಟ್ಟ.

ಹೊರಗೆ ಬಂದು ಬಿಸಿಲಲ್ಲಿ ತಿರುಗಿ ನಿಂತು ಕೂಗಿದೆ: "ಲೇ ಪೆದ್ದೀ, ಪೆದ್ದೀ, ಪೆದ್ದೀ!" ಕೂಗಿದ್ದು ನನಗೇ. ಕೆಳಗೆ ಬಿಡಲು ಮೇಲೆ ಯಾರೂ ಇರಲಿಲ್ಲ.

ಮಾರನೆಯ ದಿನ ಊರೆಲ್ಲ ಶಾಲೆಯ ಬಯಲಿನಲ್ಲಿ ಸೇರಿತು. ಕೇಂದ್ರದವರು ಒಂದು ಪೆಟ್ಟಿಗೆಯ ಮುಂದೆ ಕೂತು, ಹೊಸಾಕೆ ನೆಲೆ ನಿಂತಿದ್ದಾಳೆ, ಮೊದಲ ಮಾತಿಗೆ ಕಾಯುತ್ತಿದ್ದಾಳೆ ಎಂದು ಕೈಸನ್ನೆ ಮಾಡಿದರು. ಅದಕ್ಕೂ ಮೊದಲು ಬೇರೆ ಯಾರೂ ಬಾಯಿ ಬಿಡಬಾರದೆಂದು ಕೊಡೆಗಳ ಕೆಳಗೆ ಡಂಗುರವಾಗಿತ್ತು. ಮಂದಾಕಿನಿ ಹಸಿರು ರೇಷ್ಮೆ ಉಟ್ಟು ಎತ್ತರದ ಕಟ್ಟೆಯ ಮೇಲೆ ನಿಂತಿದ್ದಳು. ಪಕ್ಕದಲ್ಲಿ ಅಧ್ಯಕ್ಷರು ದೊಡ್ಡ ಹಲಗೆ ಎತ್ತಿ ಹಿಡಿದಿದ್ದರು. ಅದರಲ್ಲಿ 'ಆ ದನಿಯಲ್ಲಿ ನನ್ನ ಬಗ್ಗೆ ಒಂದು ಹೇಳಮ್ಮ' ಎಂದು ಬರೆದಿತ್ತು. ಕೊಟ್ರೇಶಿ ಕಟ್ಟೆಯ ಬುಡದಲ್ಲಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ತನ್ನ ಸೋದರಮಾವನ ಜೊತೆ ನಿಂತಿದ್ದ. ನಾನು ಅವ್ವನ ಕೊಡೆಯೊಳಗೆ ಹುದುಗಿಕೊಂಡಿದ್ದೆ.

"ಏನಾತೇ?" ಎಂದಳು ಅವ್ವ.

"ಏನಿಲ್ಲ."

"ನನ್ನ ಉಪ್ಪಿಟ್ಟಿಗೆ ಅನ್ನಾಕೆ ಬಾಯಿತ್ತಲ್ಲ, ಈಗೇನು ಬೀಗ ಹಾಕ್ಯಾರೇನು?" ಎಂದು ಅವ್ವ ನನ್ನನ್ನು ಕೊಡೆಯಿಂದ ಆಚೆಗೆ ಒಂದು ಸಲ ಮೊಣಕೈಯಿಂದ ತಳ್ಳಿದಳು. ನಾನು ಬಿಸಿಲಿಗೆ ಬಿದ್ದೆ.

ಕಟ್ಟೆಯ ಮೇಲೆ ಮಂದಾಕಿನಿ ಬಾಯಿ ತೆರೆದಳು, ಮುಚ್ಚಿದಳು. ಸೆರಗು ಸರಿ ಮಾಡಿಕೊಂಡಳು. ಊರೆಲ್ಲ ನಗಲು ಸಿದ್ಧವಾಗಿ ಕಾಯುತ್ತಿತ್ತು. ಹಳೆಯ ಮಾತನ್ನು ಮತ್ತೆ ಹೇಳುವಂತಿಲ್ಲ, ಹೊಸದು ಹೊಳೆಯುತ್ತಿಲ್ಲ. ಅವಳ ಪಜೀತಿ ನೋಡಿ ಕೊಟ್ರೇಶಿಗೆ ಪಾಪ ನಗು ಬಂತು. ತುಟಿ ಬಿಗಿಹಿಡಿದ, ತಡೆಯಲಾಗಲಿಲ್ಲ, ನಕ್ಕ. ಕಿವಿ ಅಲ್ಲಾಡಿತು. ನಾನು ಹುಟ್ಟಿದಾಗಿನಿಂದ ಮೊದಲ ಸಲ ಮಂದಾಕಿನಿಯ ಮಾತಿನಲ್ಲಿ ಒಂದು ಸಂದು ಸಿಕ್ಕಿತ್ತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೆ.

"ಎಡಗಿವಿ!"

ಅಭ್ಯಾಸದಂತೆ ಅಂಗೈ ಮೇಲೆ ಹೋಯಿತು. ಹೋದ ಮೇಲೆ ನೆನಪಾಯಿತು, ಹೊಸಾಕೆಗೆ ಮಡಿಲಿಲ್ಲ. ಒಂದು ಗುಟುಕು ನುಂಗುವಷ್ಟು ಹೊತ್ತು ಇಡೀ ಬಯಲು ಸುಮ್ಮನಿತ್ತು. ಆಮೇಲೆ ಅದು ಇಳಿಯಿತು, ಎಲ್ಲರ ಕಿವಿಗೆ, ನನ್ನ ಕಿವಿಗೂ. ಬಯಲಲ್ಲಿ ನನ್ನ ದನಿ ಹೇಗಿದೆಯೆಂದು ನನಗೂ ಅಲ್ಲಿಯತನಕ ಗೊತ್ತಿರಲಿಲ್ಲ. ನಿಜ, ಗಂಟೆಯ ಹಾಗೇ ಇತ್ತು.

"ಅದೇ ದನಿ!" ಎಂದು ಕೆಂಚವ್ವ ಚೀರಿದಳು. "ಅಯ್ಯೋ ಜಪದ ಹುಡುಗೀ, ನೀನೇನೇ ನನ್ನ ಬದನೆಕಾಯಿ!" ಅಧ್ಯಕ್ಷರ ಕೈಯಿಂದ ಹಲಗೆ ಬಿತ್ತು. ಮಂದಾಕಿನಿ ಸೊಂಟಕ್ಕೆ ಕೈ ಕೊಟ್ಟು, "ಹೋಗ್ಲಿ ಬಿಡ್ರಿ, ನಾನೇನು ನಾನೇ ಅಂತ ಬಾಯಿಬಿಟ್ಟು ಹೇಳಿದ್ನೇನು? ನೀವೇ ತಬ್ಬಿಕೊಂಡ್ರಿ" ಎಂದಳು. ಅದು ಅವಳ ಸ್ವಂತ ಮಾತು, ಚೆನ್ನಾಗಿಯೇ ಇತ್ತು, ಜನ ನಕ್ಕರು. ನಾನು ಮಾತ್ರ ಮೇಲೆತ್ತಿದ ಅಂಗೈ ಇಳಿಸಲು ಮರೆತು ನಿಂತಿದ್ದೆ. ಜನ ಎರಡು ಕಡೆ ಸರಿದರು. ಕೊಟ್ರೇಶಿ ಆ ನಡುವೆ ಬರುತ್ತಿದ್ದ, ಎಡಗಿವಿಯನ್ನು ಬೆರಳಲ್ಲಿ ಮುಟ್ಟಿ ನೋಡಿಕೊಳ್ಳುತ್ತ.

ಅವನು ಹತ್ತಿರ ಬಂದ. ನನ್ನ ಮುಖ ಕಂಡು ಪಾಪ ಎನ್ನಿಸಿತೋ ಏನೋ, ಕಂಕುಳಿನ ಕೊಡೆ ಬಿಚ್ಚಿ ನನ್ನ ತಲೆಯ ಮೇಲೆ ಹಿಡಿದ. ನೆರಳು ಬಿತ್ತು. ಒಳಗೆ ಹೇಳಿದರೆ ಅವನಿಗೊಬ್ಬನಿಗೇ, ಯಾರಿಗೂ ಕೇಳಿಸದು. ಅದೇ ಒಣಗಿದ ನಾಲಿಗೆ, ಅದೇ "ಹ್ಞೂಂ" ತುದಿಗೆ ಬಂದು ಕೂತಿತು. ನಾನು ಕೊಡೆಯ ಹಿಡಿಕೆಯನ್ನು ಅವನ ಕೈಯಿಂದ ತೆಗೆದುಕೊಂಡೆ, ಮಡಿಸಿದೆ, ಅವ್ವನ ಕೈಗೆ ಕೊಟ್ಟೆ. ಇಳಿಯದ ನನ್ನ ಬಲಗೈಯನ್ನು ಎಡಗೈಯಿಂದ ಹಿಡಿದು ಕೆಳಗೆ ತಂದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಯಾರ ಮುಖವನ್ನೂ ನೋಡದೆ, ನೆತ್ತಿಯ ಮೇಲೆ ಹೊಸದಾಗಿ ಬಂದು ನಿಂತವಳನ್ನೇ ನೋಡುತ್ತ, ಊರಿಗೆಲ್ಲ ಕೇಳುವ ಹಾಗೆ ಹೇಳಿದೆ:

"ಕಡ್ಡಿ ಎಲ್ಲಾ ನಾನೇ ಮುರಿದದ್ದು, ಕೊಟ್ರೇಶಿ. ನನಗೆ ನಿಮ್ಮನ್ನ ನೋಡಬೇಕಿತ್ತು."